ಮಿಕ್ಸಿ ಕವರಿನ ಜೇಬು

ಲೋ ಮೀಟರು,

ಹೆಂಗಿದೀಯ ಅಂತ ಕೇಳಲ್ಲ, ನೀನು ಹೆಂಗಿದ್ರೂ "ಇದೀನಿ ಬುಡ್ಲಾ" ಅಂತೀಯ. ಇದನ್ನ ಎಲ್ಲರೂ ಓದೋ ಜಾಗದಲ್ಲಿ ಯಾಕೆ ಹಾಕ್ತಿದೀನಿ ಅಂದ್ರೆ, ನಿಂಗೊಬ್ಬಂಗೇ ಕಳಿಸಿದ್ರೆ ಹೆಬ್ಬೆಟ್ಟಿನ ಎಮೋಜಿ ಒಂದು ಒತ್ತಿ ಸುಮ್ನಾಗ್ತೀಯ. ಇಲ್ಲಾದ್ರೆ ನಾಕು ಜನ ನಿನ್ನ ಉಗಿದು ಉತ್ತರ ಬರೆಸ್ತಾರೆ. ಮೂರನೇ ಇಡ್ಲಿ ವಿಷ್ಯ ಮಾತ್ರ ಇಲ್ಲಿ ಎತ್ತಲ್ಲ, ಹೆದರಬೇಡ.

ಹಾಸನಾಂಬೆ ಬಾಗಿಲು ತೆಗೆಯೋ ಟೈಮಲ್ಲಿ ನಮ್ಮೂರಿನ ಮನೆಗಳ ಗತಿ ನಿಂಗೊತ್ತಲ್ಲ. ಆಶ್ವಯುಜದ ಹುಣ್ಣಿಮೆ ಕಳೆದು ಮೊದಲನೇ ಗುರುವಾರ ಗರ್ಭಗುಡಿ ಬಾಗಿಲು ತೆಗೀತಿದ್ದಂಗೆ, ವರ್ಷಪೂರ್ತಿ ಫೋನು ಎತ್ತದಿರೋ ನೆಂಟರೆಲ್ಲ ಬೆಂಗಳೂರಿಂದ ಹೊರಟು ಸೀದಾ ನಮ್ಮನೆ ಹಾಲಲ್ಲಿ ಚಾಪೆ ಹಾಸ್ತಾರೆ. ಈ ಸಲ ನನ್ನ ಹೆಂಡ್ತಿ ಮುಂಚೇನೇ ಹೇಳಿಬಿಟ್ಲು, ಆ ತಾಯಿ ಬಾಗಿಲು ವರ್ಷಕ್ಕೊಂದ್ಸಲ ಆದ್ರೂ ತೆಗೀತಾರೆ, ನಿಮ್ಮ ಅಟ್ಟ ನಾನು ಮದುವೆಯಾಗಿ ಬಂದಾಗಿಂದ ತೆಗೆದಿಲ್ಲ, ಒಂದೋ ಅದು ಖಾಲಿ ಆಗ್ಬೇಕು ಇಲ್ಲಾ ನಿಮ್ಮ ನೆಂಟರು ಮಹಾರಾಜ ಪಾರ್ಕಲ್ಲಿ ಮಲಗ್ಬೇಕು ಅಂತ.

ಸರಿ, ಹತ್ತಿದೆ. ಏನೇನಿತ್ತು ಅಂತೀಯ? ಹಿಡಿ ಮುರಿದ ಕುಕ್ಕರ್ ಮೂರು, ಹತ್ತು ವರ್ಷದ ಕ್ಯಾಲೆಂಡರ್, ಸತ್ತ ಟ್ಯೂಬ್‌ಲೈಟು, ಉಬ್ಬಿದ ಇನ್ವರ್ಟರ್ ಬ್ಯಾಟರಿ, ಗೋಣಿಚೀಲದ ತುಂಬಾ ಕ್ಯಾಸೆಟ್ಟು, ಮತ್ತೆ ನಮ್ಮ ಡಬ್ಬಾ ಟೀವಿ. ಎಲ್ಲಾ ತಂದು ವರಾಂಡದಲ್ಲಿ ಗುಡ್ಡೆ ಹಾಕಿದೆ. ಅಮ್ಮ ಪಕ್ಕದಲ್ಲೇ ಪ್ಲಾಸ್ಟಿಕ್ ಚೇರ್ ಹಾಕ್ಕೊಂಡು ಗುಂಡ್ಯ ಚೆಕ್‌ಪೋಸ್ಟ್ ಥರ ಕೂತಿತ್ತು, ಒಂದೊಂದು ಸಾಮಾನನ್ನೂ ತಪಾಸಣೆ ಮಾಡಿ ಅರ್ಧ ವಾಪಸ್ ಒಳಗೆ ಕಳಿಸ್ತು. ಹಿತ್ತಾಳೆ ಹಂಡೆ ಮುಟ್ಟೋಕೂ ಬಿಡ್ಲಿಲ್ಲ.

ಬ್ಯಾಟರಿ ಸುಲಭ ಕಣೋ, ಅಂಗಡಿಯೋರೇ ಹಳೇದಿಟ್ಕೊಂಡು ಹೊಸದರಲ್ಲಿ ದುಡ್ಡು ಕಡಿಮೆ ಮಾಡ್ತಾರೆ, ಒಳಗಿರೋ ಸೀಸಕ್ಕೆ ಬೆಲೆ ಇದೆ. ಪೇಪರು, ಕುಕ್ಕರ್ ಗುಜರಿಯವನು ತೂಗಿ ತಗೊಂಡ. ಕ್ಯಾಸೆಟ್ ನೋಡಿ ನಕ್ಕ. ಟೀವಿ ನೋಡಿದ್ದೇ ಕಣ್ಣರಳಿಸಿ, ಹಿಂದುಗಡೆ ತಾಮ್ರದ ಸುರುಳಿ ಬಿಚ್ಕೊಂತೀನಿ ಸಾರ್, ಮಿಕ್ಕಿದ್ದು ಒಡೆದು ಬಿಸಾಕ್ತೀನಿ ಅಂದ. ಬೇಡಪ್ಪ, ಆ ಗಾಜಲ್ಲಿ ಸೀಸ ಇರುತ್ತೆ, ಮಣ್ಣಿಗೆ ಸೇರ್ಬಾರ್ದು ಅಂದೆ. "ಸೀಸಕ್ಕೆ ರೇಟಿಲ್ಲ ಸಾರ್, ಬಿಯರ್ ಬಾಟ್ಲಿ ಆದ್ರೆ ಎರಡು ರೂಪಾಯಿ ಕೊಡ್ತೀನಿ" ಅಂದ. ನಾನು ಜ್ಞಾನಿ ಥರ ನಿಂತಿದ್ದೆ ನೋಡು, ಎಲ್ಲಾ ಇಳಿದುಹೋಯ್ತು.

ಆಮೇಲೆ ಓದಿದೆ, 2022ರ ಇ-ತ್ಯಾಜ್ಯ ನಿಯಮ ಅಂತ ಒಂದಿದೆ, 2023ರ ಏಪ್ರಿಲ್ 1ರಿಂದ ಜಾರಿ, ಟೀವಿ ಮಾಡಿದ ಕಂಪನಿನೇ ಮರುಬಳಕೆ ಜವಾಬ್ದಾರಿ ಹೊರಬೇಕು. ಕಂಪನಿಗೆ ಫೋನ್ ಮಾಡ್ದೆ. ಕನ್ನಡಕ್ಕೆ ಎರಡು ಒತ್ತಿ ಅಂದ್ರು, ಒತ್ತಿದೆ, ಹಿಂದಿಯಲ್ಲಿ ಮಾತಾಡಿದ್ರು. ಟೀವಿ ಈಗ ಮೆಟ್ಟಿಲ ಕೆಳಗಿದೆ. ಟ್ಯೂಬ್‌ಲೈಟೂ ಅಲ್ಲೇ, ಅದರಲ್ಲಿ ಪಾದರಸ ಅಂತೆ, ಒಡೀಬಾರ್ದಂತೆ. ಒಟ್ನಲ್ಲಿ ಅಟ್ಟ ಇಳಿದು ಮೆಟ್ಟಿಲ ಕೆಳಗೆ ಬಂದಿದೆ ಅಷ್ಟೇ.

ಇದಿಷ್ಟೂ ತಮಾಷೆ. ಹೇಳ್ಬೇಕಾಗಿರೋದು ಮಿಕ್ಸಿ ವಿಷ್ಯ.

ಹಳೇ ಮಿಕ್ಸಿ ಒಂದಿತ್ತಲ್ಲ, ಅದನ್ನ ಮನೆ ಕೆಲಸಕ್ಕೆ ಬರೋ ಅಕ್ಕಂಗೆ ಕೊಟ್ಟೆ. ಕವರ್ ಸಮೇತ. ಕೊಟ್ಟು ನಂಗೆ ನಾನೇ ಭಾರಿ ಖುಷಿಪಟ್ಟೆ. ಮಾರನೇ ದಿನ ಆ ಅಕ್ಕ ಬಂದು, "ಅಣ್ಣ, ಅದು ತಿರುಗಲ್ಲ. ನನ್ ಮಗ ಪ್ಲಗ್ ಹಾಕಿದ್ರೆ ಹೊಗೆ ಬಂತು. ನೀವು ಗುಜರಿಗೆ ಹಾಕು ಅಂತ ಕೊಟ್ಟಿದ್ರಾ, ನಾನೇ ತಪ್ಪು ತಿಳ್ಕೊಂಡ್ನಾ?" ಅಂತು. ಕೊಂಕಿಲ್ಲ ಕಣೋ ಮಾತಲ್ಲಿ, ನಿಜವಾಗ್ಲೂ ಕೇಳಿದ್ದು. ನಂಗೆ ಹೊಗೆ ವಿಷ್ಯ ಗೊತ್ತಿತ್ತು. ಹೊಗೆ ಬಂದಿದ್ದಕ್ಕೇ ನಾವು ಹೊಸದು ತಂದಿದ್ದು. ಗೊತ್ತಿದ್ದೂ ಕೊಟ್ಟೆ, ಯಾಕಂದ್ರೆ ಗುಜರಿಗೆ ಹಾಕಿದ್ರೆ ಎಸೆದಂಗೆ, ಕೊಟ್ರೆ ಕೊಟ್ಟಂಗೆ.

ಆಮೇಲೆ ಸೆರಗಿನೊಳಗಿಂದ ಕವರ್ ತೆಗೆದು, ಇದು ಅಮ್ಮ ಹೊಲಿದಿದ್ದಲ್ವಾ, ಇಟ್ಕೊಳಿ ಅಂತ ಕೈಗಿಡ್ತು. ಒಗೆದಿತ್ತು. ಮಡಿಸಿತ್ತು. ಅಷ್ಟು ವರ್ಷದ ಎಣ್ಣೆ ಜಿಡ್ಡು ಹೋದ್ಮೇಲೆ ಅದರ ಬಣ್ಣ ಕಾಣಿಸ್ತು ನೋಡು. ನೀಲಿ ಚೌಕುಳಿ. ಒಂದು ಪಕ್ಕದಲ್ಲಿ ಜೇಬು, ಜೇಬಿನ ತಳದಲ್ಲಿ ನೆಲ್ಲಿಕಾಯಿ ಗಾತ್ರದ ಇಂಕಿನ ಕಲೆ.

ನಿನ್ ಅಂಗಿ ಕಣೋ ಅದು.

ಏಳನೇ ಕ್ಲಾಸಿದು. ನಿಂಗೆ ನೆನಪಿರಲ್ಲ, ನಿಂಗೆ ಅಂಗಿ ಜಾಸ್ತಿ ಇದ್ವು. ನಿಮ್ಮಮ್ಮ ಕೊಡೋವಾಗ ಒಗೆದು, ಇಸ್ತ್ರಿ ಹಾಕಿ, ಕಿತ್ತೋಗಿದ್ದ ಗುಂಡಿ ಹೊಸದಾಗಿ ಹೊಲಿದು, ಪೇಪರಲ್ಲಿ ಸುತ್ತಿ ಕಳಿಸ್ತಿದ್ರು. ಹಬ್ಬದ ಬಟ್ಟೆ ಥರ. ಅದನ್ನ ಹಾಕ್ಕೊಂಡು ಬಂದ ದಿನ ಯಾರೋ, "ಇದು ಮೀಟರ್ ಅಂಗಿ ಅಲ್ವೇನೋ" ಅಂದ. ನನ್ನ ಬಾಯಿ ಕಟ್ಟಿಹೋಯ್ತು. ನೀನು ಪಕ್ಕದಲ್ಲಿದ್ದೆ, "ಇಬ್ರಿಗೂ ಒಂದೇ ಪೀಸಲ್ಲಿ ಹೊಲಿಸಿದ್ದು" ಅಂತ ಸುಳ್ಳು ಹೇಳಿ ಉಳಿಸಿದೆ. ಅದಕ್ಕೇ ಒಂದು ತಿಂಗಳು ನಿನ್ ಜೊತೆ ಮಾತು ಬಿಟ್ಟಿದ್ದೆ. ಬ್ಯಾಟ್ ಜಗಳ ಅಂದ್ಕೊಂಡಿದ್ದೆ ನೀನು. ಬ್ಯಾಟೂ ಇಲ್ಲ ಬಾಲೂ ಇಲ್ಲ. ನೀನು ನಗಾಡಿದ್ರೆ ಹೊಡೆದಾದ್ರೂ ಸರಿಮಾಡ್ಕೊಂತಿದ್ದೆ, ಉಳಿಸಿಬಿಟ್ಟೆ ನೋಡು.

ಇನ್ನೊಂದು ಹೇಳ್ತೀನಿ, ಇದನ್ನ ನನ್ನ ಹೆಂಡ್ತಿಗೂ ಹೇಳಿಲ್ಲ (ಈಗ ಓದ್ತಾಳೆ, ಇರ್ಲಿ). ಯಾರಿಗಾದ್ರೂ ಹಳೇದು ಏನಾದ್ರೂ ಕೊಡೋವಾಗ ನಂಗೆ ಒಳಗೆ ಒಂಥರಾ ಹಿತವಾಗುತ್ತೆ. ಅವರಿಗೆ ಉಪಯೋಗ ಆಗುತ್ತೆ ಅಂತ ಅಲ್ಲ. ಈಗ ನಾನು ಕೊಡೋ ಕಡೆ ನಿಂತಿದೀನಿ ಅಂತ. ಅದಕ್ಕೇ ಇರ್ಬೇಕು, ತಿರುಗುತ್ತಾ ಅಂತ ಒಂದ್ಸಲನೂ ಪ್ಲಗ್ ಹಾಕಿ ನೋಡ್ಲಿಲ್ಲ.

ಅಯ್ಯೋ, ಎಲ್ಲಿಗೋ ಹೋಯ್ತು. ಬಾಗಿಲು ಕ್ಲೀನ್ ಮಾಡಕ್ಕೆ ಹೋಗಿ ಬುನಾದಿ ಅಗೆದಂಗಾಯ್ತು. ಆ ಅಂಗಿಯ ಟೆರಿಕಾಟ್ ಬಟ್ಟೆ ಬಗ್ಗೆ ಹೇಳಿ ಮುಗಿಸ್ತೀನಿ. ಹತ್ತಿ, ಪಾಲಿಯೆಸ್ಟರ್ ಬೆರಕೆ ಬಟ್ಟೆನ ರೀಸೈಕಲ್ ಮಾಡೋದು ಬಹಳ ಕಷ್ಟವಂತೆ, ಎರಡು ನಾರನ್ನ ಬಿಡಿಸೋದು ಸುಲಭ ಅಲ್ವಂತೆ. ನಮ್ಮಮ್ಮಂಗೆ ಇದನ್ನ ಯಾರೂ ಹೇಳಿರ್ಲಿಲ್ಲ. ನಿನ್ನಿಂದ ನಂಗೆ, ನನ್ನಿಂದ ತಮ್ಮಂಗೆ, ತಮ್ಮನಿಂದ ಮಿಕ್ಸಿಗೆ.

ಆ ಅಕ್ಕಂಗೆ ಮಿಕ್ಸಿ ಮೋಟರ್ ಕಟ್ಟಿಸಿಕೊಟ್ಟೆ, ಸಂತೆಪೇಟೆ ಹತ್ರ ಒಬ್ರು ಮಾಡ್ತಾರೆ, ಆರುನೂರು ಬಿತ್ತು. ಇದನ್ನ ಬರೆದು ಹೆಸರು ತಗೊಳೋ ಚಪಲಾನೂ ಇದೆ ನೋಡು, ಥೂ.

ಕವರ್ ವಾಪಸ್ ಬೇಕಾದ್ರೆ ಕೊರಿಯರ್ ಮಾಡ್ತೀನಿ, ನಿನ್ ಹೊಟ್ಟೆಗೆ ಆಗಲ್ಲ ಅಷ್ಟೇ. ಆದ್ರೆ ಅಮ್ಮ ಬಿಡೋದು ಅನುಮಾನ, ಆಗಲೇ ಹೊಸ ಮಿಕ್ಸಿಗೆ ತೊಡಿಸಿ ಜೇಬಲ್ಲಿ ಗ್ಯಾಸ್ ಲೈಟರ್ ಸಿಗಿಸಿದೆ.

ಹಬ್ಬಕ್ಕೆ ಬಾ. ಮಲಗೋಕೆ ಟೀವಿ ಪಕ್ಕ ಜಾಗ ಇದೆ.

ಇಂತಿ,
ಒಂದೇ ಪೀಸಿನವನು