ಬೀಗದ ಕೈ ಯಾರ ಹತ್ತಿರ?

ಚಿ॥ ಸುಮಂತನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಭಾವನ ಜೊತೆ ಸೇರಿ ಕೇಟರಿಂಗ್ ಶುರು ಮಾಡುತ್ತೀಯಂತೆ, ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಅವರು ನಮ್ಮ ಮನೆ ಅಳಿಯಂದಿರು, ನಾನೇನೂ ಅನ್ನುವುದಿಲ್ಲ. ಒಂದು ಸಿನಿಮಾ ಕಥೆ ಹೇಳುತ್ತೇನೆ, ಅಷ್ಟೆ.

1972ರ ‘ದಿ ಹಾಟ್ ರಾಕ್’. ಅದರಲ್ಲಿ ರಾಬರ್ಟ್ ರೆಡ್‌ಫರ್ಡ್ ಡಾರ್ಟ್‌ಮಂಡರ್ ಅನ್ನುವ ಕಳ್ಳ. ಜೈಲಿಂದ ಈಚೆ ಬಂದಿದ್ದೇ ತಡ, ಭಾವ ಕೆಲ್ಪ್ ಕದ್ದ ಕಾರಿನಲ್ಲಿ ಹಾಜರು. ಬ್ರೂಕ್ಲಿನ್ ಮ್ಯೂಸಿಯಮ್ಮಿನ ವಜ್ರ ಎಗರಿಸಬೇಕಂತೆ. ಪಾಪ, ಡಾರ್ಟ್‌ಮಂಡರ್‌ಗೆ ಗ್ಯಾಸ್ಟ್ರಿಕ್ ಬೇರೆ.

ಪ್ಲಾನು ಚೆನ್ನಾಗಿಯೇ ಇತ್ತು. ಒಬ್ಬ ಹೊರಗೆ ಕಾರು ಗುದ್ದಿಸಿ ಗಾಯವಾದಂತೆ ನಾಟಕ ಮಾಡುತ್ತಾನೆ, ಕಾವಲಿನವರು ಅತ್ತ ಓಡುತ್ತಾರೆ. ಒಳಗೆ ಆ ಗಾಜಿನ ಪೆಟ್ಟಿಗೆ ಎತ್ತುವುದರಲ್ಲೇ ಇವರ ಸೊಂಟ ಬಿದ್ದುಹೋಗುತ್ತದೆ. ಗ್ರೀನ್‌ಬರ್ಗ್ ಅನ್ನುವವನು ಸಿಕ್ಕಿಬೀಳುತ್ತಾನೆ, ಅದಕ್ಕೂ ಮುಂಚೆ ವಜ್ರವನ್ನು ಗುಳುಂ ಅಂತ ನುಂಗಿಬಿಡುತ್ತಾನೆ! ಅವನನ್ನು ಜೈಲಿಂದ ಬಿಡಿಸಿಕೊಂಡು ಬಂದರೆ, ವಜ್ರ ಪೊಲೀಸ್ ಸ್ಟೇಷನ್ನಿನಲ್ಲಿ ಬಚ್ಚಿಟ್ಟಿದ್ದೇನೆ ಅನ್ನುತ್ತಾನೆ. ಹೆಲಿಕಾಪ್ಟರಿನಲ್ಲಿ ಹೋಗಿ ಅಲ್ಲಿ ಇಳಿದರೆ ಅಲ್ಲೂ ಇಲ್ಲ. ಅವನ ಲಾಯರ್ ಅಪ್ಪ ಮೊದಲೇ ಎತ್ತಿಕೊಂಡು ಹೋಗಿ ಬ್ಯಾಂಕ್ ಲಾಕರಿನಲ್ಲಿ ಇಟ್ಟಿರುತ್ತಾನೆ. ಆ ಹೆಲಿಕಾಪ್ಟರ್ ಹಾರುವಾಗ, ಇನ್ನೂ ಕಟ್ಟುತ್ತಿದ್ದ ವರ್ಲ್ಡ್ ಟ್ರೇಡ್ ಸೆಂಟರ್ ಕಾಣುತ್ತದೆ. ಈಗ ನೋಡಿದರೆ ಎದೆ ಝಲ್ ಅನ್ನುತ್ತದೆ.

ಕಳ್ಳರ ಪೆದ್ದುತನಕ್ಕೆ ಎಲ್ಲರೂ ನಗುತ್ತಾರೆ. ನನಗೇನೋ ಅವರು ಪೆದ್ದರು ಅನ್ನಿಸಲಿಲ್ಲ. ಒದ್ದಾಡಿದ್ದು ನಾಲ್ಕು ಜನ, ವಜ್ರ ಎಲ್ಲಿದೆ ಅಂತ ಗೊತ್ತಿದ್ದದ್ದು ಒಬ್ಬನಿಗೆ. ಯಡವಟ್ಟಾಗಿದ್ದು ಅಲ್ಲೇ ಅಲ್ವಾ?

ನೀನು ಹುಟ್ಟುವ ಮುಂಚೆ ನಾನೂ ಷಡ್ಡಕನೂ ಹಿಟ್ಟಿನ ಗಿರಣಿ ಇಟ್ಟಿದ್ದೆವು. ಬೀಗದ ಕೈ, ಲೆಕ್ಕದ ಪುಸ್ತಕ ಎರಡೂ ಅವನ ಹತ್ತಿರ. ಒಂದು ಯುಗಾದಿಯ ಹಿಂದಿನ ದಿನ ಜನ ಗೋಧಿ ಡಬ್ಬ ಹಿಡಿದು ಸಾಲಾಗಿ ನಿಂತಿದ್ದಾರೆ, ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಧರ್ಮಸ್ಥಳದ ಬಸ್ ಹತ್ತಿಬಿಟ್ಟಿದ್ದ! ಮುಚ್ಚಿದ ಬಾಗಿಲ ಮುಂದೆ ಕೂತು ಬೈಸಿಕೊಂಡವನು ನಾನು.

ಅದಕ್ಕೇ ಪಾತ್ರೆ ಇಡುವ ಕೋಣೆಗೆ ಎರಡು ಬೀಗದ ಕೈ ಮಾಡಿಸು. ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲೂ ಇರಲಿ. ಬಂದ ಅಡ್ವಾನ್ಸನ್ನು ಅವತ್ತವತ್ತೇ ನೋಟ್‌ಬುಕ್ಕಿನಲ್ಲಿ ಬರಿ, ಅದು ಇಬ್ಬರ ಕೈಗೂ ಸಿಗುವ ಕಡೆ ಇರಲಿ. ಭಾವ ಬೇಜಾರು ಮಾಡಿಕೊಳ್ಳುತ್ತಾರೆ ಅಂತ ಈಗ ಸುಮ್ನಿದ್ದರೆ ಆಮೇಲೆ ಜಾಸ್ತಿ ಬೇಜಾರು, ಮಧ್ಯದಲ್ಲಿ ನಿಮ್ಮಕ್ಕನ ಕಣ್ಣೀರು.

ವಜ್ರ ಕೊನೆಗೆ ಸಿಕ್ಕಿತಾ ಅಂತ ಹೇಳುವುದಿಲ್ಲ. ಭಾನುವಾರ ಬಾ, ಒಟ್ಟಿಗೆ ನೋಡೋಣ. ಅಳಿಯಂದಿರನ್ನೂ ಕರೆದುಕೊಂಡು ಬಾ. ಈ ಪತ್ರ ಮಾತ್ರ ಅವರಿಗೆ ತೋರಿಸಬೇಡ.

ನಿನ್ನ ದೊಡ್ಡಪ್ಪ