ಒಂಬತ್ತನೇ ಮಹಡಿಯ ಹುಡುಗಿಯರು: ಗೆಳೆಯನಿಗೊಂದು ಪತ್ರ

ಗೆಳೆಯಾ,

ಮಗಳ ಮನೆಗೆ ನ್ಯೂಯಾರ್ಕಿಗೆ ಹೊರಟಿದ್ದೀಯಲ್ಲ, ಅಲ್ಲಿ ಏನೇನು ನೋಡಬೇಕು ಅಂತ ಕೇಳಿದ್ದೆ. ಲಿಬರ್ಟಿ ಪ್ರತಿಮೆ, ಎಂಪೈರ್ ಸ್ಟೇಟ್ ಕಟ್ಟಡ ಇವನ್ನೆಲ್ಲ ಯಾರಾದರೂ ತೋರಿಸುತ್ತಾರೆ. ನಾನು ಹೇಳುವುದು ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನ ಹತ್ತಿರವಿರುವ ಹತ್ತು ಮಹಡಿಯ ಒಂದು ಕಟ್ಟಡದ ವಿಷಯ. ಈಗ ಅದು ವಿಶ್ವವಿದ್ಯಾಲಯದ ಕಟ್ಟಡ. 1911ರಲ್ಲಿ ಅದರ ಮೇಲಿನ ಮೂರು ಮಹಡಿಗಳಲ್ಲಿ ಟ್ರಯಾಂಗಲ್ ಅನ್ನೋ ಹೆಸರಿನ ಬ್ಲೌಸ್ ಫ್ಯಾಕ್ಟರಿ ಇತ್ತು. ಆ ವರ್ಷ ಅದು ಹೊತ್ತಿ ಉರಿಯಿತು.

ಅಲ್ಲಿ ಹೊಲಿಯುತ್ತಿದ್ದವರಲ್ಲಿ ಬಹುಪಾಲು ವಲಸೆ ಬಂದ ಹುಡುಗಿಯರು. ಕೆಲವರು ರಷ್ಯಾ ಸಾಮ್ರಾಜ್ಯದ ಹಿಂಸೆ ತಾಳಲಾರದೆ ಬಂದ ಯಹೂದಿ ಕುಟುಂಬದವರು, ಇನ್ನು ಕೆಲವರು ಬಡತನಕ್ಕೆ ಬೇಸತ್ತು ಊರು ಬಿಟ್ಟ ಇಟಲಿಯವರು. 1907ರಲ್ಲಿ ಒಂದೇ ವರ್ಷ, ವಲಸಿಗರನ್ನು ತಪಾಸಣೆ ಮಾಡಿ ಒಳಬಿಡುತ್ತಿದ್ದ ಎಲ್ಲಿಸ್ ಐಲೆಂಡ್ ಮೂಲಕ ಹತ್ತು ಲಕ್ಷ ಜನ ಒಳಗೆ ಬಂದಿದ್ದಾರೆ. ಅಷ್ಟು ಜನಕ್ಕೆ ಸೂರು ಎಲ್ಲಿಂದ ತರುವುದು? ನ್ಯೂಯಾರ್ಕಿನ ಲೋವರ್ ಈಸ್ಟ್ ಸೈಡ್ ಬಡಾವಣೆಯ ವಠಾರಗಳಿಗೆ ತುಂಬಿದರು. ಆರ್ಚರ್ಡ್ ಬೀದಿಯ 97ನೇ ನಂಬರಿನ ವಠಾರ ಈಗ ಮ್ಯೂಸಿಯಂ ಆಗಿದೆ. ಅಲ್ಲಿ ಒಂದು ಮನೆಯೆಂದರೆ ಮೂರು ಕೋಣೆ ಸೇರಿ 325 ಚದರ ಅಡಿ. ಅಷ್ಟರಲ್ಲೇ ಅಡುಗೆ, ಮಕ್ಕಳು, ಕೆಲವು ಮನೆಗಳಲ್ಲಿ ಹೊಲಿಗೆ ಕೆಲಸವೂ. ಮೊದಮೊದಲು ಕಕ್ಕಸು ಹಿತ್ತಲಲ್ಲಿತ್ತು.

ಹೊಲಿಗೆ ವಠಾರದಿಂದ ದೊಡ್ಡ ಕಟ್ಟಡಗಳಿಗೆ ಏರಿದ್ದರ ಹಿಂದೆ ಒಂದು ಲೆಕ್ಕಾಚಾರವಿದೆ. ಒಬ್ಬ ಕೆಲಸಗಾರನಿಗೆ 250 ಘನ ಅಡಿ ಗಾಳಿ ಇರಬೇಕೆಂದು ಕಾನೂನಿತ್ತು. ಚಾವಣಿ ಎತ್ತರವಾಗಿದ್ದರೆ ತಲೆಯ ಮೇಲಿನ ಗಾಳಿಯೂ ಲೆಕ್ಕಕ್ಕೆ ಬರುತ್ತದಲ್ಲ, ಹಾಗಾಗಿ ನೆಲದ ಮೇಲೆ ಒತ್ತೊತ್ತಾಗಿ ಮೆಷಿನ್ ಜೋಡಿಸಬಹುದಿತ್ತು. ಟ್ರಯಾಂಗಲ್ ಇದ್ದ ಕಟ್ಟಡದ ಎತ್ತರ 135 ಅಡಿ. 150 ಅಡಿ ದಾಟಿದ್ದರೆ ಕಿಟಕಿ ಚೌಕಟ್ಟಿಗೆ, ನೆಲಕ್ಕೆ ಮರ ಬಳಸುವಂತಿರಲಿಲ್ಲ. ದಾಟಲಿಲ್ಲ, ಮರವನ್ನೇ ಹಾಕಿದರು.

1911ರ ಮಾರ್ಚ್ 25, ಶನಿವಾರ. ಕೆಲಸ ಬಿಡುವ ಹೊತ್ತಿಗೆ ಎಂಟನೇ ಮಹಡಿಯಲ್ಲಿ, ಕತ್ತರಿಸಿದ ಬಟ್ಟೆಚೂರು ತುಂಬುವ ಪೆಟ್ಟಿಗೆಗೆ ಬೆಂಕಿ ಬಿತ್ತು. ಮಾಲೀಕರು ಕೂರುತ್ತಿದ್ದ ಹತ್ತನೇ ಮಹಡಿಗೆ ಫೋನ್ ಹೋಯಿತು. ಮಧ್ಯದ ಒಂಬತ್ತನೇ ಮಹಡಿಗೆ ಸುದ್ದಿ ಮುಟ್ಟಲಿಲ್ಲ, ಬೆಂಕಿಯೇ ಬಂತು. ಕಳ್ಳತನ ಆಗಬಾರದು, ಎಲ್ಲರ ಚೀಲ ತಪಾಸಣೆ ಮಾಡಬೇಕು ಅಂತ ಅಲ್ಲಿ ಒಂದು ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ್ದರು. ಹಿಂಬದಿಯ ಕಬ್ಬಿಣದ ಏಣಿ ಜನರ ಭಾರಕ್ಕೆ ಮುರಿದುಬಿತ್ತು. ಅಗ್ನಿಶಾಮಕದವರ ಏಣಿ ಆರನೇ ಮಹಡಿಯವರೆಗೆ ಮಾತ್ರ ಎಟುಕಿತು. ಲಿಫ್ಟ್ ನಡೆಸುತ್ತಿದ್ದ ಇಬ್ಬರು ಆಗುವಷ್ಟು ಸಲ ಮೇಲೆ ಕೆಳಗೆ ಓಡಾಡಿ ಎಷ್ಟೋ ಜೀವ ಉಳಿಸಿದರು. ಸತ್ತವರು 146 ಮಂದಿ. ಅದರಲ್ಲಿ 123 ಹೆಂಗಸರು, ತೀರಾ ಚಿಕ್ಕವರಿಗೆ 14 ವರ್ಷ. ಒಬ್ಬ ತಾಯಿ ಇಬ್ಬರು ಹೆಣ್ಣುಮಕ್ಕಳ ಜೊತೆ ಸತ್ತಳು. ಆ ತಾಯಿಯ ಹೆಸರು ಗುರುತಾಗಿದ್ದು 2011ರಲ್ಲಿ, ನೂರು ವರ್ಷದ ಮೇಲೆ.

ಮಾಲೀಕರು ಖುಲಾಸೆಯಾದರು. 1914ರಲ್ಲಿ ದಾವೆ ಹೂಡಿದ್ದ ಮನೆಯವರಿಗೆ ಸಿಕ್ಕ ಪರಿಹಾರ ಜೀವಕ್ಕೆ 75 ಡಾಲರ್.

ನನಗೆ ನೋವಾಗುವುದು ಇನ್ನೊಂದಕ್ಕೆ. ಬೆಂಕಿಯಿಂದಾಗಿ ಸರ್ಕಾರದ ಕಣ್ಣು ತೆರೆಯಿತು ಅಂತ ಎಲ್ಲರೂ ಬರೆಯುತ್ತಾರೆ. ಆದರೆ ಈ ಹುಡುಗಿಯರು ಅದಕ್ಕೂ ಮೊದಲೇ ಬಾಯಿಬಿಟ್ಟು ಕೇಳಿದ್ದರು. 1909ರ ನವೆಂಬರ್‌ನಲ್ಲಿ ಕೂಪರ್ ಯೂನಿಯನ್ ಅನ್ನೋ ಕಾಲೇಜಿನಲ್ಲಿ ನಡೆದ ಕಾರ್ಮಿಕರ ಸಭೆಯಲ್ಲಿ ನಾಯಕರ ಭಾಷಣ ಮುಗಿಯುವ ಹಾಗೇ ಕಾಣಲಿಲ್ಲ. ಆಗ ಇಪ್ಪತ್ತರ ಹರೆಯದ ಹೊಲಿಗೆ ಕೆಲಸದ ಕ್ಲಾರಾ ಲೆಮ್ಲಿಚ್ ವೇದಿಕೆ ಹತ್ತಿ, ಯಹೂದಿಗಳ ಮನೆಮಾತಾದ ಯಿಡ್ಡಿಷ್‌ನಲ್ಲೇ, ಮುಷ್ಕರಕ್ಕೆ ಕರೆ ಕೊಟ್ಟಳು. ಅದಕ್ಕೆ ಕೆಲವೇ ವಾರ ಮುಂಚೆ ಗೂಂಡಾಗಳು ಅವಳ ಪಕ್ಕೆಲುಬು ಮುರಿದಿದ್ದರು. ಸುಮಾರು ಇಪ್ಪತ್ತು ಸಾವಿರ ಜನ ಕೆಲಸ ನಿಲ್ಲಿಸಿ ಚಳಿಯಲ್ಲಿ ಬೀದಿಗಿಳಿದರು. ಸಂಬಳ, ಸಮಯದ ಜೊತೆ ಸುರಕ್ಷತೆಯನ್ನೂ ಕೇಳಿದ್ದರು. ಎಷ್ಟೋ ಕಂಪನಿಗಳು ಒಪ್ಪಿದವು, ಟ್ರಯಾಂಗಲ್ ಯೂನಿಯನ್ನನ್ನು ಒಪ್ಪಲೇ ಇಲ್ಲ. ಅವರನ್ನು ಬರೀ ಬೆಂಕಿಗೆ ಬಲಿಯಾದವರೆಂದು ನೆನೆಯುವುದು ನನಗೆ ಅನ್ಯಾಯ ಅನಿಸುತ್ತದೆ.

ನಿಮ್ಮಕ್ಕ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿದ್ದಾಗ, 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಹೊಸೂರು ರಸ್ತೆಗೆ ಇಳಿದಿದ್ದರಲ್ಲ? ಪಿಎಫ್ ದುಡ್ಡು ಪೂರ್ತಿ ತೆಗೆಯದಂತೆ ತಡೆಯುತ್ತಿದ್ದ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಕೈಬಿಟ್ಟಿತು. ಕ್ಲಾರಾಳ ಕತೆ ಅವರಿಗೆ ಹೇಳು, ನಮಗಿಂತ ಚೆನ್ನಾಗಿ ಅವರಿಗೇ ಅರ್ಥವಾಗುತ್ತದೆ.

ಬೆಂಕಿಯ ನಂತರ ನ್ಯೂಯಾರ್ಕ್ ರಾಜ್ಯ ತನಿಖಾ ಆಯೋಗ ಮಾಡಿತು, ಕೆಲವೇ ವರ್ಷಗಳಲ್ಲಿ ಮೂವತ್ತಕ್ಕೂ ಹೆಚ್ಚು ಕಾನೂನು ಬಂದವು. ಅಂದು ರಸ್ತೆಯಲ್ಲಿ ನಿಂತು ಎಲ್ಲ ಕಣ್ಣಾರೆ ಕಂಡಿದ್ದ ಫ್ರಾನ್ಸಿಸ್ ಪರ್ಕಿನ್ಸ್ ಆ ಕೆಲಸದಲ್ಲಿ ದುಡಿದರು, 1933ರಲ್ಲಿ ದೇಶದ ಕಾರ್ಮಿಕ ಸಚಿವೆಯಾದರು. ಆದರೆ ಅದೇ ದೇಶ 1924ರಲ್ಲಿ ಬಾಗಿಲು ಹಾಕಿಕೊಂಡಿತು, ಇಟಲಿಗೆ ವರ್ಷಕ್ಕೆ 3,845 ಜನ ಅಂತ ಮಿತಿ ಹಾಕಿತು.

ಒಂದು ದಿನ ಇದಕ್ಕೆ ಅಂತಲೇ ಬಿಡುವು ಮಾಡಿಕೋ. ಬೆಳಗ್ಗೆ ಆರ್ಚರ್ಡ್ ಬೀದಿಯ ಮ್ಯೂಸಿಯಂ ನೋಡು, ಟಿಕೆಟ್ ಮೊದಲೇ ತೆಗೆಸಿಡಲು ಮಗಳಿಗೆ ಹೇಳು. ಅಲ್ಲಿಂದ ಟ್ರಯಾಂಗಲ್ ಇದ್ದ ಕಟ್ಟಡಕ್ಕೆ ನಡೆದೇ ಹೋಗಬಹುದು. 2023ರಲ್ಲಿ ಗೋಡೆಗೆ ಉಕ್ಕಿನ ಸ್ಮಾರಕ ಕೂರಿಸಿದ್ದಾರೆ. ಸತ್ತವರ ಹೆಸರುಗಳಿವೆ, ಇಂಗ್ಲಿಷ್, ಯಿಡ್ಡಿಷ್, ಇಟಾಲಿಯನ್ ಮೂರರಲ್ಲೂ ಬರಹವಿದೆ. ಹೋಗಿ ಬಂದ ಮೇಲೆ ನನಗೆ ಬರಿ.

ನಿನ್ನ ಗೆಳೆಯ