ಐದು ಕೆ.ಜಿ. ರಾಗಿ ಹೊರುವ ಚೀಲ: ಪೋಷಕರಿಗೆ ಪತ್ರ

ಮುಖ್ಯ ಶಿಕ್ಷಕರ ಕೊಠಡಿ,
ಸರ್ಕಾರಿ ಪ್ರೌಢಶಾಲೆ,
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಪ್ರೀತಿಯ ಪೋಷಕರಿಗೆ ನಮಸ್ಕಾರಗಳು.

ಈ ಪತ್ರವನ್ನು ನಿಮ್ಮ ಮಗನೋ ಮಗಳೋ ಗಟ್ಟಿಯಾಗಿ ಓದಿ ಹೇಳಲಿ. ಮನೆಮಾತು ತೆಲುಗಾಗಿದ್ದರೆ ತೆಲುಗಿನಲ್ಲಿ, ಉರ್ದುವಾಗಿದ್ದರೆ ಉರ್ದುವಿನಲ್ಲಿ ಬಿಡಿಸಿ ಹೇಳಲಿ. ಸ್ವಲ್ಪ ಉದ್ದವಾಗಿದೆ. ರಾತ್ರಿ ಊಟ ಮುಗಿದ ಮೇಲೆ ಮನೆಯವರೆಲ್ಲ ಕೂತು ಕೇಳಿದರೆ ನನಗೆ ಸಂತೋಷ.

ಹೋದ ವರ್ಷ ನಿಮ್ಮ ಮನೆಗಳಿಂದ ಬಂದ ಹಳೆ ಬಟ್ಟೆಯಲ್ಲಿ ಮಕ್ಕಳು ಕೈಚೀಲ ಹೊಲಿದು ಮಾರಿದ್ದು ನಿಮಗೆಲ್ಲ ಗೊತ್ತು. ಬಂದ ಹಣ ನಮ್ಮ ಸುತ್ತಮುತ್ತಲ ಹಳ್ಳಿಗಳ ಡಯಾಲಿಸಿಸ್ ರೋಗಿಗಳ, ಅಂದರೆ ಕಿಡ್ನಿ ಕೆಟ್ಟು ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುವವರ, ಓಡಾಟದ ಖರ್ಚಿಗೆ ಹೋಯಿತು. ಈ ವರ್ಷವೂ ಆ ಕೆಲಸ ಮಾಡುತ್ತೇವೆ. ಆದರೆ ಹೋದ ವರ್ಷ ಮಾಡಿದ ಹಾಗೆ ಮಾಡುವುದಿಲ್ಲ. ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮಾರಾಟವಾಗಿ ಎರಡು ವಾರ ಕಳೆದಿರಬಹುದು. ಒಬ್ಬ ಅಜ್ಜಿ ಶಾಲೆಗೆ ಬಂದರು. ಕೈಯಲ್ಲಿ ನಮ್ಮದೇ ಚೀಲ, ನೀಲಿ ಹೂವಿನದು. ಸಂತೆಯಿಂದ ಟೊಮೇಟೊ ತುಂಬಿಕೊಂಡು ಬರುವಾಗ ಬಸ್ ಸ್ಟ್ಯಾಂಡಿನಲ್ಲಿ ಅದರ ಹಿಡಿ ಕಿತ್ತುಬಂದಿತ್ತು. ಹಣ್ಣೆಲ್ಲ ರಸ್ತೆಗೆ ಉರುಳಿ ಅರ್ಧದಷ್ಟು ಗಾಡಿ ಚಕ್ರಕ್ಕೆ ಸಿಕ್ಕಿದವಂತೆ. ದುಡ್ಡು ವಾಪಸು ಕೊಡುತ್ತೇನೆ ಅಂದೆ. ಅಜ್ಜಿ ತೆಗೆದುಕೊಳ್ಳಲಿಲ್ಲ. "ಮಕ್ಕಳು ಮಾಡಿದ್ದಲ್ವಾ ಮೇಡಂ, ಹೋಗಲಿ ಬಿಡಿ. ಧರ್ಮಕ್ಕೆ ಕೊಟ್ಟೆ ಅಂದ್ಕೊಂಡೆ" ಅಂದರು. ಅವರು ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಚೀಲ ಬೇಕಾಗಿದ್ದ ಆ ತಾಯಿ ನಮಗೆ ಭಿಕ್ಷೆ ಹಾಕಿದ ಹಾಗಾಯಿತು. ರೋಗಿಗಳಿಗೆ ಸಹಾಯ ಅಂತ ಹೇಳಿಕೊಂಡು ನಾವು ಅವರ ಟೊಮೇಟೊ ಮಣ್ಣುಪಾಲು ಮಾಡಿದೆವು.

ಆ ಚೀಲವನ್ನು ಹತ್ತನೇ ತರಗತಿಯ ಮೇಜಿನ ಮೇಲಿಟ್ಟು ಎಲ್ಲರೂ ಸೇರಿ ನೋಡಿದೆವು. ದಾರ ಕಿತ್ತಿರಲಿಲ್ಲ, ಬಟ್ಟೆಯೇ ಹರಿದಿತ್ತು. ಹಿಡಿಯನ್ನು ಒಂದೇ ಪದರದ ಬಟ್ಟೆಗೆ ಒಂದೇ ಸಾಲಿನಲ್ಲಿ ಒತ್ತೊತ್ತಾಗಿ ಹೊಲಿದಿದ್ದರು. ಸೂಜಿ ಚುಚ್ಚಿದ ತೂತುಗಳೆಲ್ಲ ಒಂದೇ ಗೆರೆಯಲ್ಲಿ ಬಂದು, ಅಂಚೆಚೀಟಿ ಹರಿದುಕೊಳ್ಳಲು ಸಾಲಾಗಿ ತೂತು ಹಾಕಿರುತ್ತಾರಲ್ಲ, ಹಾಗೆ ಆಗಿತ್ತು. ಜೊತೆಗೆ ಹಿಡಿಯ ಪಟ್ಟಿಯನ್ನು ಸೀರೆಯ ಅಡ್ಡಕ್ಕೆ ಕತ್ತರಿಸಿದ್ದರು. ಸೀರೆಯ ಉದ್ದಕ್ಕೆ ಓಡುವುದು ಹಾಸಿನ ಎಳೆ, ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ್ದು. ಅದು ಅಷ್ಟು ಸುಲಭವಾಗಿ ಜಗ್ಗುವುದಿಲ್ಲ. ಅಡ್ಡಕ್ಕೆ ಬರುವ ಹೊಕ್ಕಿನ ಎಳೆ ಜಗ್ಗುತ್ತದೆ. ರೇಷ್ಮೆ ನೂಲು ಬಿಚ್ಚುವ ಮನೆಗಳಿರುವ ತಾಲ್ಲೂಕಿನಲ್ಲಿದ್ದುಕೊಂಡು ನಮ್ಮ ಮಕ್ಕಳಿಗೆ ಇದನ್ನು ಹೇಳಿಕೊಡದೆ ಬಿಟ್ಟಿದ್ದು ನಮ್ಮ ತಪ್ಪು. ಮಕ್ಕಳದಲ್ಲ.

ಆದ್ದರಿಂದ ಈ ವರ್ಷ ಒಂದು ನಿಯಮ. ಹೊಲಿದ ಪ್ರತಿ ಚೀಲದಲ್ಲೂ ಐದು ಕೆ.ಜಿ. ರಾಗಿ ತುಂಬಿ ನನ್ನ ಕೊಠಡಿಯ ಗೂಟಕ್ಕೆ ಒಂದು ರಾತ್ರಿ ನೇತುಹಾಕುತ್ತೇವೆ. ಬೆಳಗ್ಗೆ ಹಿಡಿ ಒಂದಿಷ್ಟೂ ಜಗ್ಗದೆ ಇದ್ದರೆ ಮಾತ್ರ ಅದು ಮಾರಾಟಕ್ಕೆ. ಜಗ್ಗಿದರೆ ಬಿಚ್ಚಿ ಮತ್ತೆ ಹೊಲಿಯಬೇಕು. ಕನಿಕರಕ್ಕೆ ಯಾರೂ ನಮ್ಮ ಚೀಲ ಕೊಳ್ಳುವುದು ಬೇಡ. ಗಟ್ಟಿಯಾಗಿದೆ, ಚೆನ್ನಾಗಿದೆ ಅಂತ ಕೊಳ್ಳಲಿ.

ಹೊಲಿಯುವ ಕ್ರಮವನ್ನೂ ಬದಲಾಯಿಸಿದ್ದೇವೆ. ಚೀಲದ ಎರಡು ಮುಖಕ್ಕೆ ಎರಡು ತುಂಡು ಕತ್ತರಿಸದೆ 36 ಅಂಗುಲದ ಒಂದೇ ತುಂಡನ್ನು ನಡುವೆ ಮಡಿಸುತ್ತೇವೆ. ಆಗ ತಳದಲ್ಲಿ ಹೊಲಿಗೆಯೇ ಇರುವುದಿಲ್ಲ, ಭಾರ ಬೀಳುವ ಜಾಗದಲ್ಲಿ ಬಿಚ್ಚಿಕೊಳ್ಳಲು ಏನೂ ಉಳಿಯುವುದಿಲ್ಲ. ಬಾಯಿಯನ್ನು ಎರಡು ಸಲ ಮಡಿಸಿ, ಹಿಡಿಯ ತುದಿಯನ್ನು ಆ ಮಡಿಕೆಯೊಳಗೆ ಸೇರಿಸಿ, ಮೇಲೆ ಒಂದು ಚೌಕ ಹೊಲಿದು, ಚೌಕದ ಒಳಗೆ ಮೂಲೆಯಿಂದ ಮೂಲೆಗೆ ಇಂಟು ಗುರುತು ಹಾಕಬೇಕು. ಭಾರ ಒಂದೇ ಗೆರೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಮಕ್ಕಳು ಇದಕ್ಕೆ "ಇಂಟು ಹೊಲಿಗೆ" ಅಂತಲೇ ಹೆಸರಿಟ್ಟಿದ್ದಾರೆ. ನಿಮ್ಮ ಮನೆಯಲ್ಲಿ ಟೈಲರಿಂಗ್ ಬಲ್ಲವರು ಇದಕ್ಕೆ ಬೇರೆ ಹೆಸರು ಹೇಳುತ್ತೀರೇನೋ. ಬಂದು ಹೇಳಿಕೊಡಿ, ಕಲಿಯುತ್ತೇವೆ.

ಇಲ್ಲಿ ಒಂದು ವಿಷಯ ಹೇಳದೆ ಇರಲಾರೆ. ಐದೂವರೆ ಮೀಟರಿನ ಒಂದು ಹತ್ತಿ ಸೀರೆಯಲ್ಲಿ ಎಷ್ಟು ಚೀಲ ಆಗುತ್ತದೆ ಅಂತ ಎಂಟನೇ ತರಗತಿಗೆ ಲೆಕ್ಕ ಕೊಟ್ಟಿದ್ದೆವು. ಉದ್ದ ಸುಮಾರು 216 ಅಂಗುಲ, ಅಗಲ 45 ಅಂಗುಲ. ಸೀರೆ ತೆಳು, ಆದ್ದರಿಂದ ಚೀಲಕ್ಕೆ ಎರಡು ಪದರ ಬೇಕು. ಒಂದೊಂದು ಪದರಕ್ಕೆ 15 ಅಂಗುಲ ಅಗಲ, 36 ಅಂಗುಲ ಉದ್ದದ ತುಂಡು. ಹಿಡಿಗೆ 24 ಅಂಗುಲ ಉದ್ದ, 4 ಅಂಗುಲ ಅಗಲದ ಎರಡು ಪಟ್ಟಿ, ಎಲ್ಲವೂ ಸೀರೆಯ ಉದ್ದಕ್ಕೇ. ನಾವು ಶಿಕ್ಷಕರು ಆರು ಅಂದುಕೊಂಡಿದ್ದೆವು. ಒಬ್ಬ ಹುಡುಗಿ ಹಳೆ ಪೇಪರ್ ಕತ್ತರಿಸಿ ನೆಲದ ಮೇಲೆ ಹರಡಿ ಏಳು ಮಾಡಿ ತೋರಿಸಿದಳು. ಐದು ಸಾಲು, ಸಾಲಿಗೆ ಮೂರರಂತೆ ಹದಿನೈದು ತುಂಡು. ಹದಿನಾಲ್ಕು ಚೀಲಕ್ಕೆ, ಒಂದು ಮಿಕ್ಕಿತು. ಕೊನೆಗೆ ಉಳಿದ 36 ಅಂಗುಲದಲ್ಲಿ ಹನ್ನೊಂದು ಪಟ್ಟಿ, ಮಿಕ್ಕಿದ ಆ ಒಂದು ತುಂಡಿನಲ್ಲಿ ಮೂರು ಪಟ್ಟಿ. ಏಳು ಚೀಲಕ್ಕೆ ಹದಿನಾಲ್ಕು ಹಿಡಿ ಸರಿಹೋಯಿತು. ಲೆಕ್ಕದ ಮೇಷ್ಟ್ರು ಎರಡು ಸಲ ಅಳೆದು ನೋಡಿ ಅವಳ ಪೇಪರನ್ನೇ ಬೋರ್ಡಿನ ಪಕ್ಕ ಅಂಟಿಸಿದರು. ಪರೀಕ್ಷೆಯಲ್ಲಿ ಆ ಮಗುವಿಗೆ ಲೆಕ್ಕದಲ್ಲಿ ಹೆಚ್ಚು ಅಂಕ ಬರುವುದಿಲ್ಲ. ಅವಳ ತಂದೆ ತಾಯಿ ಇದನ್ನು ಕೇಳುತ್ತಿದ್ದರೆ, ಇವತ್ತು ಅವಳಿಗೆ ಒಂದು ಒಳ್ಳೆ ಮಾತು ಹೇಳಿ.

ಈಗ ಬಟ್ಟೆಯ ವಿಚಾರ. ಮಹಾನವಮಿಗೆ ಮನೆ ತೊಳೆಯುವಾಗ ಹೇಗೂ ಟ್ರಂಕು, ಬೀರು ತೆಗೆಯುತ್ತೀರಿ. ಹತ್ತಿ ಸೀರೆ, ಪಂಚೆ, ಬೆಡ್‌ಶೀಟು, ಪರದೆ, ಜೀನ್ಸ್ ಪ್ಯಾಂಟು, ದಪ್ಪ ಶರ್ಟು ಇವೆಲ್ಲ ಬೇಕು. ಜಾರ್ಜೆಟ್, ನೈಲಾನ್ ಸೀರೆ ಕತ್ತರಿಯಡಿ ಜಾರುತ್ತದೆ, ಕಲಿಯುವ ಕೈಗೆ ಸಿಕ್ಕುವುದಿಲ್ಲ. ಅದು ಬೇಡ. ಒಗೆದು ಒಣಗಿಸಿ ಕೊಡಿ. ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ, ಪರ್ರೆಂದು ಹರಿದರೆ ನೆಲ ಒರೆಸಲು ಇಟ್ಟುಕೊಳ್ಳಿ. ನಿಮಗೆ ಬೇಡವಾದದ್ದನ್ನೆಲ್ಲ ಕೊಡಬೇಡಿ, ಇನ್ನೊಬ್ಬರ ಕೈಗೆ ಕೊಡಲು ನಾಚಿಕೆಯಾಗದಂಥದ್ದನ್ನು ಕೊಡಿ. ನುಸಿಗುಳಿಗೆ ಹಾಕಿಟ್ಟ ಬಟ್ಟೆಯಾದರೆ ವಾಸನೆ ಪೂರ್ತಿ ಹೋಗುವ ತನಕ ಬಿಸಿಲಿಗೆ ಹಾಕಿ. ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿ ಶಾಲೆಯಿಂದ ಹೋದವರೇ ರೇಷ್ಮೆ ಹುಳುವಿಗೆ ಸೊಪ್ಪು ಹಾಕುವವರು. ಅದೇ ಕೈ ಹುಳು ಮನೆಗೆ ಹೋಗುವುದು ಬೇಡ.

ತೀರಿಕೊಂಡವರ ಸೀರೆ ಕೊಡಬಹುದೇ ಅಂತ ಒಬ್ಬ ತಾಯಿ ಕೇಳಿದರು. ಖಂಡಿತ ಕೊಡಿ. ನಮ್ಮ ಅಜ್ಜಿಯರು ಮನೆಮಂದಿಯ ಹಳೆ ಸೀರೆಗಳನ್ನೆಲ್ಲ ಪದರ ಪದರವಾಗಿ ಸೇರಿಸಿ ಬೊಂತೆ ಹೊಲಿದು ಮೊಮ್ಮಕ್ಕಳಿಗೆ ಹೊದಿಸಲಿಲ್ಲವೇ? ಆ ಸೀರೆಯದೇ ಒಂದು ಚೀಲ ನಿಮಗೆ ಬೇಕು ಅನಿಸಿದರೆ ಚೀಟಿ ಬರೆದು ಪಿನ್ ಮಾಡಿ, ಎತ್ತಿಡುತ್ತೇವೆ.

ನನ್ನ ದೊಡ್ಡ ಕೋರಿಕೆ ಇನ್ನೊಂದಿದೆ. ದಯವಿಟ್ಟು ಚೀಲವನ್ನು ನೀವು ಹೊಲಿದು ಕಳಿಸಬೇಡಿ. ಹೋದ ವರ್ಷ ಮನೆಗೆ ಕೊಟ್ಟು ಕಳಿಸಿದ ತುಂಡುಗಳು ಅಂಗಡಿ ಚೀಲದಂತೆ ನೆಟ್ಟಗೆ ಹೊಲಿಸಿಕೊಂಡು ಬಂದವು. ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಮಷೀನಿನ ಮುಂದೆ ಕೂತು ಸೊಂಟ ನೋಯಿಸಿಕೊಂಡು ಬಂದ ಅಮ್ಮ, ರಾತ್ರಿ ಮಗನ ಚೀಲವನ್ನೂ ಹೊಲಿದಿದ್ದಾರೆ. ನನಗೆ ಅದು ಗೊತ್ತಾದಾಗ ಹೊಟ್ಟೆ ಉರಿಯಿತು. ಈ ಸಲ ಒಂದು ತುಂಡೂ ಮನೆಗೆ ಬರುವುದಿಲ್ಲ, ಎಲ್ಲ ಶಾಲೆಯಲ್ಲೇ. ಹೊಲಿಗೆ ಸೊಟ್ಟಗಿದ್ದರೆ ಇರಲಿ. ಸೊಟ್ಟ ಹೊಲಿಗೆ ಭಾರ ಹೊರುತ್ತದೆ. ಸಡಿಲ ಹೊಲಿಗೆ ಹೊರುವುದಿಲ್ಲ, ನಾವು ನೋಡುವುದು ಅದನ್ನೇ.

ಹುಡುಗರೂ ಹೊಲಿಯುತ್ತಾರೆ. "ನಮ್ಮ ಹುಡುಗನ ಕೈಗೆ ಸೂಜಿ ಯಾಕೆ" ಅಂತ ಇಬ್ಬರು ಕೇಳಿದ್ದೀರಿ. ಊರಿನ ಟೈಲರ್ ಅಂಗಡಿಗಳಲ್ಲಿ ಕೂತಿರುವವರು ಬಹಳ ಮಟ್ಟಿಗೆ ಗಂಡಸರೇ ಅಲ್ಲವೇ? ಗೂಡು ಬಿಡಿಸುವಾಗ, ಹುಳುವನ್ನು ಗೂಡು ಕಟ್ಟುವ ಚಂದ್ರಿಕೆ ತಟ್ಟೆಗೆ ಬಿಡುವಾಗ ಮನೆಯಲ್ಲಿ ಗಂಡು ಹೆಣ್ಣು ಅಂತ ಯಾರೂ ನೋಡುವುದಿಲ್ಲ. ಇದೂ ಹಾಗೆಯೇ.

ಸೂಜಿ, ಕತ್ತರಿಯ ಭಯ ಬೇಡ. ಸೂಜಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯುತ್ತೇವೆ. ಒಂದು ಕಡಿಮೆಯಾದರೂ ವಿಜ್ಞಾನ ಕೊಠಡಿಯ ಅಯಸ್ಕಾಂತ ತಂದು ನೆಲವನ್ನೆಲ್ಲ ಹುಡುಕಿದ ಮೇಲೇ ಮಕ್ಕಳು ಹೊರಗೆ ಹೋಗುವುದು. ಕಾಲಲ್ಲಿ ತುಳಿಯುವ ಹೊಲಿಗೆ ಮಷೀನು ಇರುವುದು ಎರಡು, ಅವುಗಳ ಮೇಲೆ ಒಂಬತ್ತು, ಹತ್ತನೇ ತರಗತಿಯವರು ಮಾತ್ರ, ಅದೂ ಪಕ್ಕದಲ್ಲಿ ದೊಡ್ಡವರೊಬ್ಬರು ನಿಂತಿದ್ದಾಗ. ಎಂಟನೆಯವರಿಗೆ ಕೈಹೊಲಿಗೆ.

ಚೀಲವೇ ಯಾಕೆ ಅಂತ ಕೆಲವರಿಗೆ ಅನಿಸಬಹುದು. 2016ರ ಮಾರ್ಚ್‌ನಲ್ಲೇ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿತು. 2022ರ ಕೊನೆಯಿಂದ ಇಡೀ ದೇಶದಲ್ಲಿ 120 ಮೈಕ್ರಾನ್‌ಗಿಂತ ತೆಳುವಾದ ಪ್ಲಾಸ್ಟಿಕ್ ಚೀಲಕ್ಕೆ ಅನುಮತಿ ಇಲ್ಲ. ಆದರೂ ಸಂತೆಯಲ್ಲಿ ಕೊತ್ತಂಬರಿ ಕಟ್ಟಿಗೂ ಒಂದು ಕವರು. ಮನೆಯಲ್ಲಿ ಗಟ್ಟಿ ಚೀಲ ಗೂಟಕ್ಕೆ ನೇತಾಡುತ್ತಿದ್ದರೆ ಕೈ ತಾನಾಗಿ ಅದಕ್ಕೆ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಇನ್ನು ಹಣ. ಡಯಾಲಿಸಿಸ್ ಬೇಕಾದವರು ವಾರಕ್ಕೆ ಎರಡು ಸಲ, ಕೆಲವರು ಮೂರು ಸಲ ಹೋಗಲೇಬೇಕು. ಪ್ರತಿ ಸಲ ಸುಮಾರು ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಬೇಕು. ಒಂದು ವಾರ ತಪ್ಪಿಸಿ ಮುಂದಿನ ವಾರ ನೋಡೋಣ ಅನ್ನುವ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡು ಇಲ್ಲದಿದ್ದರೂ ಹೋಗಿಬರುವುದಕ್ಕೆ ಬೇಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಅದರಿಂದ ಎಷ್ಟೋ ಮನೆಗಳಿಗೆ ಉಪಕಾರವಾಗಿದೆ. ಆದರೆ ಗಂಡಸು ರೋಗಿಯಾದರೆ ಟಿಕೆಟ್ಟು ಬೇಕು. ಮುಗಿಸಿ ಬರುವಾಗ ಕಾಲು ನಿಲ್ಲುವುದಿಲ್ಲ, ಬಸ್ಸಿಳಿದು ಹಳ್ಳಿಗೆ ಆಟೋ ಮಾಡಲೇಬೇಕು. ಜೊತೆಗೆ ಹೋದವರ ಆ ದಿನದ ಕೂಲಿ ಹೋಯಿತು, ಹೊರಗೆ ಊಟದ ಖರ್ಚು ಬಂತು. ಮಕ್ಕಳ ಚೀಲದ ಹಣ ಹೋಗುವುದು ಇಲ್ಲಿಗೆ.

ಚೀಲಕ್ಕೆ 80 ರೂಪಾಯಿ. ದಾರ, ಸೂಜಿ, ಮಷೀನಿನ ಎಣ್ಣೆಯ ಖರ್ಚು ಕಳೆದು ಉಳಿದದ್ದೆಲ್ಲ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ. ಪ್ರತಿ ಶನಿವಾರ ಎಷ್ಟು ಬಂತು, ಎಷ್ಟು ಹೋಯಿತು ಅಂತ ಗೇಟಿನ ಪಕ್ಕದ ಬೋರ್ಡಿನಲ್ಲಿ ಹತ್ತನೇ ತರಗತಿಯ ಮಕ್ಕಳೇ ಬರೆಯುತ್ತಾರೆ. ದಾರಿಯಲ್ಲಿ ಹೋಗುವ ಯಾರಾದರೂ ಓದಬಹುದು.

ಯಾರ ಮನೆಗೆ ಹೋಯಿತು ಅನ್ನುವುದು ಮಾತ್ರ ಬೋರ್ಡಿನಲ್ಲಿ ಇರುವುದಿಲ್ಲ. ಕೊಡುವಾಗ ಫೋಟೋ ಇಲ್ಲ, ಸಭೆ ಇಲ್ಲ, ಶಾಲು ಇಲ್ಲ. ಆ ಮನೆಯ ಮಗು ನಿಮ್ಮ ಮಗುವಿನ ಪಕ್ಕದಲ್ಲೇ ಕೂತು ಹೊಲಿಯುತ್ತಿರಬಹುದು. ಹೋದ ವರ್ಷ ಒಂದು ಮಗುವನ್ನು ಬಸ್ಸಿನಲ್ಲಿ ಯಾರೋ "ನಿಮಗೇ ಅಲ್ವಾ ಕೊಟ್ಟಿದ್ದು" ಅಂತ ಕೇಳಿದರು. ಆ ಮಗು ಮೂರು ದಿನ ಶಾಲೆಗೆ ಬರಲಿಲ್ಲ. ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ, ಯಾರನ್ನೂ ಕೇಳಬೇಡಿ. ಊಹೆಯನ್ನೂ ಮಕ್ಕಳ ಎದುರು ಆಡಬೇಡಿ.

ಕೆಲಸ ನಡೆಯುವುದು ಶನಿವಾರ, ಬೆಳಗಿನ ತರಗತಿ ಮುಗಿದ ಮೇಲೆ ಎರಡು ಗಂಟೆ ಹೊತ್ತು. ಹುಳು ನಾಲ್ಕನೇ ಜ್ವರದಿಂದ (ಕೊನೆಯ ಸಲ ಪೊರೆ ಬಿಡುವುದು) ಎದ್ದು ಸೊಪ್ಪು ಸಾಲದೆ ಇರುವ ಮನೆಯ ಮಕ್ಕಳು ಬರದಿದ್ದರೆ ನಾನು ಕಾರಣ ಕೇಳುವುದಿಲ್ಲ. ಬೆಳೆ ಇಳಿದ ಮೇಲೆ ಬರಲಿ. ಹೊಲಿಗೆ ಬಲ್ಲ ತಾಯಂದಿರು, ತಂದೆಯರು ಒಂದು ಶನಿವಾರವಾದರೂ ಬನ್ನಿ. ಹೊಲಿಯಲು ಅಲ್ಲ, ಮಗುವಿನ ಹಿಂದೆ ನಿಂತು ಬಟ್ಟೆ ಹೇಗೆ ಹಿಡಿಯಬೇಕು ಅಂತ ತೋರಿಸಲು. ಟೀ ಕೊಡುತ್ತೇವೆ. ಆಯುಧಪೂಜೆಗೆ ನಮ್ಮ ಎರಡು ಮಷೀನಿಗೂ ಕುಂಕುಮ ಹಚ್ಚುತ್ತೇವೆ, ಆವತ್ತೂ ಬನ್ನಿ.

ಬಟ್ಟೆಯನ್ನು ದಸರಾ ರಜೆಗೆ ಮುಂಚೆ ಮಕ್ಕಳ ಕೈಯಲ್ಲಿ ಕಳಿಸಿ. ನವೆಂಬರ್ 1ರಂದು ರಾಜ್ಯೋತ್ಸವದ ಧ್ವಜಾರೋಹಣ ಮುಗಿದ ಮೇಲೆ ಶಾಲೆಯ ಅಂಗಳದಲ್ಲೇ ಮಾರಾಟ. ನಮ್ಮ ಚೀಲ ಯಾವತ್ತು ಕಿತ್ತರೂ ತನ್ನಿ, ಮಕ್ಕಳು ದುಡ್ಡಿಲ್ಲದೆ ಹೊಲಿದುಕೊಡುತ್ತಾರೆ. ನೀಲಿ ಹೂವಿನ ಆ ಚೀಲವನ್ನು ಇಂಟು ಹೊಲಿಗೆ ಹಾಕಿ, ರಾಗಿ ತುಂಬಿ ಪರೀಕ್ಷೆ ಮಾಡಿ, ಅಜ್ಜಿಯ ಮನೆಗೆ ತಲುಪಿಸಿದ್ದೇವೆ. ಜೊತೆಗೆ ಎರಡು ಕೆ.ಜಿ. ಟೊಮೇಟೊ.

ಇನ್ನೊಂದು ಮಾತು. ನಮ್ಮಲ್ಲಿ ಬಟ್ಟೆ ಕತ್ತರಿ ಇರುವುದು ಮೂರೇ. ಶನಿವಾರದ ಮಟ್ಟಿಗೆ ಕತ್ತರಿ ಎರವಲು ಕೊಡಬಲ್ಲವರು ಹಿಡಿಗೆ ಹೆಸರು ಬರೆದ ಚೀಟಿ ಅಂಟಿಸಿ, ಮಕ್ಕಳ ಕೈಯಲ್ಲಿ ಕಳಿಸದೆ ನೀವೇ ತಂದುಕೊಡಿ. ಸಂಜೆಯೊಳಗೆ ವಾಪಸು ಮುಟ್ಟಿಸುತ್ತೇವೆ.

ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ